ಸಾದಾ ಕೀಪ್ಯಾಡ್ ಮೊಬೈಲ್ ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ ಒಂದು ತಾಲ್ಲೂಕು ಪೇಟೆಯಲ್ಲಿ ಮೊಬೈಲ್ ಮಾರುತ್ತಾ, ಕೆಟ್ಟವನ್ನು ಬಿಚ್ಚಿ ಸರಿಮಾಡುತ್ತಾ ನನಗೆ ಹದಿನೆಂಟು ವರ್ಷಗಳಾದವು. ಸಂತೆಯ ದಿನ ಅಂಗಡಿಗೆ ಬರುವವರಲ್ಲಿ ಬಹಳ ಜನ ಕೇಳುವುದು ಒಂದೇ: “ಮಾತಾಡಲಿಕ್ಕೆ ಒಂದು ಸಾದಾ ಸೆಟ್ಟು ಕೊಡಿ, ಬೆಲೆ ಕಡಿಮೆ ಇರಲಿ.” ಎರಡು ಸಾವಿರ ರೂಪಾಯಿ ಎಂದರೆ ತೋಟದ ಕೆಲಸಕ್ಕೆ ಹೋಗುವವರಿಗೆ ನಾಲ್ಕಾರು ದಿನದ ಕೂಲಿ. ಅಷ್ಟು ಹಣವನ್ನು ತಪ್ಪು ಸೆಟ್ಟಿಗೆ ಕೊಟ್ಟು, ವಾರದೊಳಗೆ ಸಪ್ಪೆ ಮುಖ ಹೊತ್ತು ಬಂದವರನ್ನು ಎಷ್ಟೋ ಸಲ ನೋಡಿದ್ದೇನೆ. ಹಾಗಾಗಬಾರದೆಂದು ಈ ಉತ್ತರಗಳನ್ನು ಬರೆದಿದ್ದೇನೆ. ಕೊಳ್ಳುವವರು ಬಹುಪಾಲು ಮಕ್ಕಳು, ಬಳಸುವವರು ಅಪ್ಪ ಅಮ್ಮಂದಿರು. ಸೆಟ್ಟು ಒಪ್ಪಬೇಕಾದದ್ದು ಬಳಸುವವರ ಕೈಗೆ, ಕಣ್ಣಿಗೆ, ಕಿವಿಗೆ, ಅವರ ಮನೆಗೆ ಸಿಗುವ ಟವರಿಗೆ.

ಅಂಗಡಿಗೆ ಹೋದ ಕೂಡಲೇ ಮೊದಲು ಏನು ಕೇಳಬೇಕು?

“ಇದು 4ಜಿ ಸೆಟ್ಟೋ, 2ಜಿ ಸೆಟ್ಟೋ?” ಬಣ್ಣ, ಕಂಪನಿ, ಕ್ಯಾಮೆರಾ ಎಲ್ಲ ಆಮೇಲೆ. 2ಜಿ, 3ಜಿ, 4ಜಿ, 5ಜಿ ಎಂದರೆ ಮೊಬೈಲ್ ಜಾಲದ ತಲೆಮಾರುಗಳು, ಅಂಕಿ ದೊಡ್ಡದಾದಷ್ಟೂ ಹೊಸದು.

ಜಿಯೋ ಕಂಪನಿಗೆ 2ಜಿ, 3ಜಿ ಜಾಲಗಳೇ ಇಲ್ಲ. ಅದರ ಕರೆಗಳೆಲ್ಲ 4ಜಿ ಅಥವಾ 5ಜಿ ಮೇಲೆಯೇ ಹೋಗುತ್ತವೆ. ಹೀಗೆ 4ಜಿ ಮೇಲೆ ಮಾತು ಸಾಗಿಸುವ ವ್ಯವಸ್ಥೆಗೆ ವಿಒಎಲ್‌ಟಿಇ ಎಂದು ಹೆಸರು. ಹಳೆಯ 2ಜಿ ಸೆಟ್ಟಿಗೆ ಜಿಯೋ ಸಿಮ್ ಹಾಕಿದರೆ ಸಿಗ್ನಲ್ ಕಡ್ಡಿ ಒಂದೂ ಏಳುವುದಿಲ್ಲ. ಬೆಂಗಳೂರಿನಲ್ಲಿರುವ ಮಗ ಆನ್‌ಲೈನಿನಲ್ಲಿ ತರಿಸಿಕೊಟ್ಟ ಸೆಟ್ಟನ್ನು ಹಿಡಿದು ಒಬ್ಬ ಅಜ್ಜ ಹನ್ನೆರಡು ಕಿಲೋಮೀಟರ್ ಬಸ್ಸಿನಲ್ಲಿ ಬಂದಿದ್ದರು. ಸೆಟ್ಟಿನಲ್ಲಿ ದೋಷವಿರಲಿಲ್ಲ. ಅದು 2ಜಿ, ಅವರ ಸಿಮ್ ಜಿಯೋ, ಅಷ್ಟೇ.

ಏರ್‌ಟೆಲ್ ಮತ್ತು ವಿಐ (ವೊಡಾಫೋನ್ ಐಡಿಯಾ) ಇನ್ನೂ 2ಜಿ ನಡೆಸುತ್ತಿವೆ. ಆದರೆ ಏರ್‌ಟೆಲ್ 2020ರ ಹೊತ್ತಿಗೇ 3ಜಿ ಮುಚ್ಚಿತು. ಬಿಎಸ್‌ಎನ್‌ಎಲ್‌ನ ದೇಶೀಯ ತಂತ್ರಜ್ಞಾನದ 4ಜಿಯನ್ನು 2025ರ ಸೆಪ್ಟೆಂಬರ್ 27ರಂದು ಪ್ರಧಾನಿ ದೇಶಕ್ಕೆ ಸಮರ್ಪಿಸಿದರು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಇದರಲ್ಲೇ ತಿಳಿಯುತ್ತದೆ. ಹೊಸದಾಗಿ ಕೊಳ್ಳುವವರು ಐನೂರು ರೂಪಾಯಿ ಹೆಚ್ಚಾದರೂ 4ಜಿ ಸೆಟ್ಟನ್ನೇ ಕೊಳ್ಳಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

4ಜಿ ಸೆಟ್ಟನ್ನೇ ತಂದರೂ ಮನೆಯಲ್ಲಿ ಸಿಗ್ನಲ್ ಇಲ್ಲ. ಯಾಕೆ?

4ಜಿಗೆ ಹಲವು ಬ್ಯಾಂಡ್‌ಗಳಿವೆ. ಬಾನುಲಿಯಲ್ಲಿ ಒಂದೊಂದು ನಿಲಯಕ್ಕೆ ಒಂದೊಂದು ಕಂಪನಾಂಕ ಇರುವ ಹಾಗೆ ಎಂದುಕೊಳ್ಳಿ. ಸೆಟ್ಟಿನಲ್ಲಿ ಆ ಬ್ಯಾಂಡ್ ಇಲ್ಲದಿದ್ದರೆ ಟವರ್ ಮನೆಯ ಹಿಂದೆಯೇ ಇದ್ದರೂ ಪ್ರಯೋಜನವಿಲ್ಲ. ಜಿಯೋ 4ಜಿ ನಡೆಯುವುದು ಬ್ಯಾಂಡ್ 3, 5 ಮತ್ತು 40ರಲ್ಲಿ. ಬಿಎಸ್‌ಎನ್‌ಎಲ್ 4ಜಿ ಮುಖ್ಯವಾಗಿ ಬ್ಯಾಂಡ್ 1 ಮತ್ತು ಬ್ಯಾಂಡ್ 28ರಲ್ಲಿದೆ. ಈ 28 ಎಂಬುದು 700 ಮೆಗಾಹರ್ಟ್ಸ್. ಕಂಪನಾಂಕ ಕಡಿಮೆಯಾದಷ್ಟೂ ಅಲೆ ದೂರ ಹೋಗುತ್ತದೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತದೆ. ಹಳ್ಳಿಯ ಬಿಎಸ್‌ಎನ್‌ಎಲ್ ಗ್ರಾಹಕರಿಗೆ ಹೆಚ್ಚು ಉಪಕಾರಿಯಾದ ಬ್ಯಾಂಡ್ ಅದೇ. ಆದರೆ ಅಗ್ಗದ ಕೆಲವು ಕೀಪ್ಯಾಡ್ ಸೆಟ್ಟುಗಳಲ್ಲಿ ಅದೇ ಇರುವುದಿಲ್ಲ. ಪೆಟ್ಟಿಗೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬ್ಯಾಂಡ್‌ಗಳ ಪಟ್ಟಿ ಇದ್ದರೆ ಅಂಗಡಿಯವರ ಕೈಯಲ್ಲಿ ಓದಿಸಿ. ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಕಂಪನಿಯ ಜಾಲತಾಣದಲ್ಲಿ ತೆಗೆದು ತೋರಿಸಲಿ.

ಇನ್ನೊಂದು ಕಾರಣವೂ ಇದೆ. 900 ಮೆಗಾಹರ್ಟ್ಸ್‌ನ 2ಜಿ ಸೆಟ್ಟು ಗರಿಷ್ಠ 2 ವಾಟ್ ಶಕ್ತಿಯಲ್ಲಿ ಅಲೆ ಕಳಿಸಬಲ್ಲದು. 4ಜಿ ಸೆಟ್ಟಿನ ಮಿತಿ ಸುಮಾರು 0.2 ವಾಟ್. “ಹಳೇ ಸೆಟ್ಟಿಗೆ ಕಣದ ಮೂಲೆಯಲ್ಲಿ ಟವರ್ ಸಿಗುತ್ತಿತ್ತು, ಇದಕ್ಕೆ ಇಲ್ಲ” ಎಂದು ಜನ ಹೇಳಿದರೆ ಅದು ಬರೀ ಭ್ರಮೆಯಲ್ಲ.

ಗುಡ್ಡದ ಬುಡದಲ್ಲಿ, ತೋಟದ ತಗ್ಗಿನಲ್ಲಿ ಮನೆ ಇರುವವರು ಮೊದಲು ನೆರೆಮನೆಯವರ 4ಜಿ ಸೆಟ್ಟನ್ನು ಅರ್ಧ ಗಂಟೆ ಕೇಳಿ ಪಡೆದು, ತಮ್ಮ ಸಿಮ್ ಹಾಕಿ, ತಮ್ಮ ಅಡುಗೆಮನೆಯಲ್ಲಿ ನಿಂತು ಒಂದು ಕರೆ ಮಾಡಿ ನೋಡಲಿ. ಪೇಟೆಯ ಅಂಗಡಿಯಲ್ಲಿ ಕಾಣುವ ನಾಲ್ಕು ಕಡ್ಡಿ ನಿಮ್ಮ ಮನೆಗೆ ಬರುವುದಿಲ್ಲ.

ಜಿಯೋಭಾರತ್ ಅಗ್ಗಕ್ಕೆ ಸಿಗುತ್ತದಲ್ಲ, ಕೊಳ್ಳಬಹುದೇ?

ಮನೆಯಲ್ಲಿ ಜಿಯೋ ಚೆನ್ನಾಗಿ ಸಿಗುವುದಾದರೆ ಕೊಳ್ಳಬಹುದು. 2023ರ ಜುಲೈನಲ್ಲಿ ಅದು ಬಂದಾಗ ಬೆಲೆ 999 ರೂಪಾಯಿ, 28 ದಿನಗಳ ಪ್ಯಾಕ್ 123 ರೂಪಾಯಿ ಇತ್ತು. ಆ ಸೆಟ್ಟಿಗೆ ಜಿಯೋ ಸಿಮ್ ಬಿಟ್ಟು ಬೇರೆ ಸಿಮ್ ಹಿಡಿಯುವುದಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಮಳೆಗಾಲದಲ್ಲಿ ಒಂದು ಟವರ್ ಮಲಗಿದರೆ ಇನ್ನೊಂದು ಕಂಪನಿಗೆ ಹೊರಳುವ ದಾರಿಯನ್ನು ಇಟ್ಟುಕೊಳ್ಳಬೇಕಾದ ಊರುಗಳಿಗೆ ಎರಡು ಸಿಮ್ ಹಾಕಬಹುದಾದ, ಬೀಗವಿಲ್ಲದ ಸೆಟ್ಟೇ ವಾಸಿ.

ಎಷ್ಟು ಹಣ ಇಟ್ಟುಕೊಂಡು ಹೋಗಬೇಕು?

ಬರೀ 2ಜಿ ಸೆಟ್ಟುಗಳು ಸುಮಾರು ಸಾವಿರದಿಂದ ಸಾವಿರದೈನೂರರೊಳಗೆ, ಎಲ್ಲ ಸಿಮ್ ಹಿಡಿಯುವ 4ಜಿ ಕೀಪ್ಯಾಡ್ ಸೆಟ್ಟುಗಳು ಸಾವಿರದೈನೂರರಿಂದ ಮೂರು ಸಾವಿರದವರೆಗೆ. ನೋಕಿಯಾ, ಎಚ್‌ಎಂಡಿ, ಲಾವಾ, ಐಟೆಲ್ ಹೆಚ್ಚಾಗಿ ಸಿಗುವ ಹೆಸರುಗಳು. ಮೂರು ಸಾವಿರಕ್ಕಿಂತ ಹೆಚ್ಚು ಕೊಟ್ಟು ಕೀಪ್ಯಾಡ್ ಕೊಳ್ಳುವ ಅಗತ್ಯ ಬಹಳ ಜನರಿಗೆ ಇಲ್ಲ. ಮಡಚುವ ಸೆಟ್ಟು ಬೇಕೇ ಬೇಕು ಎನ್ನುವವರ ವಿಷಯ ಬೇರೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಕಂಪನಿಯ ಸರ್ವಿಸ್ ಸಿಗುತ್ತದೆ ಎಂದು ಕೇಳಿಕೊಂಡು ಆ ಕಂಪನಿಯದನ್ನು ಆರಿಸಿ. ಬಿಲ್ಲು ಪಡೆಯಿರಿ, ಅದರ ಮೇಲೆ ಅಂಗಡಿಯ ಮೊಹರು ಮತ್ತು ದಿನಾಂಕ ಇರಲಿ. ಸಾಮಾನ್ಯವಾಗಿ ಸೆಟ್ಟಿಗೆ ಒಂದು ವರ್ಷ, ಬ್ಯಾಟರಿ ಮತ್ತು ಚಾರ್ಜರಿಗೆ ಆರು ತಿಂಗಳು ವಾರಂಟಿ ಇರುತ್ತದೆ.

ಅಮ್ಮನಿಗೆ ಎಪ್ಪತ್ತು ದಾಟಿದೆ. ಯಾವ ಸೆಟ್ಟು ಸರಿ?

ಸಾಧ್ಯವಾದರೆ ಅಮ್ಮನನ್ನೇ ಅಂಗಡಿಗೆ ಕರೆದುಕೊಂಡು ಬನ್ನಿ. ಕಳೆದ ವರ್ಷ ಒಬ್ಬ ತಾಯಿ ಮಗಳ ಜೊತೆ ಬಂದಿದ್ದರು. ವರ್ಷವರ್ಷವೂ ಹಸಿ ಅಡಿಕೆ ಸುಲಿದ ಕೈ. ಹೆಬ್ಬೆರಳಿನ ತುದಿ ಕಪ್ಪಾಗಿ, ಒರಟಾಗಿ, ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಮಗಳು ಮೆಚ್ಚಿದ ತೆಳ್ಳನೆಯ ಸೆಟ್ಟಿನಲ್ಲಿ ಬಟನ್‌ಗಳು ಒಂದಕ್ಕೊಂದು ಅಂಟಿಕೊಂಡು ನುಣ್ಣಗಿದ್ದವು. ತಾಯಿ 5 ಒತ್ತಲು ಹೋದರೆ 8 ಬೀಳುತ್ತಿತ್ತು. ಬಟನ್‌ಗಳ ನಡುವೆ ಗೆರೆ ಇರುವ, ಒತ್ತಿದರೆ ಟಕ್ ಎಂದು ಬೆರಳಿಗೆ ತಿಳಿಯುವ ದಪ್ಪನೆಯ ಸೆಟ್ಟು ಕೊಟ್ಟೆ. ಅವರು ಕಣ್ಣು ಮುಚ್ಚಿ 5ರ ಮೇಲಿನ ಪುಟ್ಟ ಗುಬುಟನ್ನು ತಡಕಿ ಹಿಡಿದು, ಅಲ್ಲಿಂದ ಎಣಿಸಿಕೊಂಡು ಮಗಳ ಹತ್ತೂ ಅಂಕಿಗಳನ್ನು ಒತ್ತಿದರು. ಮಗಳ ಚೀಲದೊಳಗೆ ಮೊಬೈಲ್ ರಿಂಗಾಯಿತು. ಆ ದಿನ ಆ ತಾಯಿಯ ಮುಖದಲ್ಲಿ ಕಂಡ ಸಂತೋಷ ನನಗೆ ಇನ್ನೂ ನೆನಪಿದೆ.

ಇದನ್ನೇ ನೀವೂ ಮಾಡಿಸಿ. ಬಟನ್ ಒತ್ತಿಸಿ, ಮೆನುವಿನ ಅಕ್ಷರ ದೊಡ್ಡದು ಮಾಡಲು ಬರುತ್ತದೆಯೇ ನೋಡಿ, ಅಂಗಡಿಯ ಹೊರಗೆ ಬಸ್ಸಿನ ಸದ್ದಿನಲ್ಲಿ ನಿಂತು ಒಂದು ಕರೆ ಮಾಡಿಸಿ. ರಿಂಗ್ ಜೋರಾಗಿದ್ದು ಕಿವಿಗೆ ಬರುವ ಮಾತು ಮಾತ್ರ ಸಣ್ಣಗಿರುವ ಸೆಟ್ಟುಗಳು ಬಹಳ ಇವೆ. ಕಿವಿಗೆ ಶ್ರವಣ ಸಾಧನ ಹಾಕುವವರು ಅದನ್ನು ಹಾಕಿಕೊಂಡೇ ಮಾತಾಡಿ ನೋಡಬೇಕು. ಕೆಲವು ಸೆಟ್ಟುಗಳ ಜೊತೆ ಅದು ಗುಂಯ್ ಎನ್ನುತ್ತದೆ. ಟಾರ್ಚ್ ಒಂದೇ ಬಟನ್ನಿಗೆ ಹತ್ತಬೇಕು. ಕರೆಂಟ್ ಹೋದ ರಾತ್ರಿ ಮೆನುವಿನೊಳಗೆ ಹೊಕ್ಕು ಟಾರ್ಚ್ ಹುಡುಕುವ ಸಂಕಟ ಯಾರಿಗೂ ಬೇಡ. 2003ರಲ್ಲಿ ಬಂದ ನೋಕಿಯಾ 1100 ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ನಮ್ಮ ಕಡೆಯ ಜನ ಅದನ್ನು ಇವತ್ತಿಗೂ ನೆನೆಯುವುದು ಅದರ ತಲೆಯ ಮೇಲಿದ್ದ ಟಾರ್ಚಿಗಾಗಿ.

ಕನ್ನಡದಲ್ಲಿ ಬರುವ ಮೆಸೇಜು ಓದಲು ಆಗುತ್ತದೆಯೇ?

ಆಗಲೇಬೇಕು. ಭಾರತದಲ್ಲಿ ಮಾರುವ ಮೊಬೈಲ್‌ಗಳು ಭಾರತೀಯ ಭಾಷೆಗಳ ಮೆಸೇಜನ್ನು ಓದಲು ಬರುವಂತೆ ತೋರಿಸಬೇಕು ಎಂದು ಭಾರತೀಯ ಮಾನಕ ಬ್ಯೂರೋದ ಐಎಸ್ 16333 ಎಂಬ ಮಾನಕ ಹೇಳುತ್ತದೆ. ಟೈಪು ಮಾಡಲು ಇಂಗ್ಲಿಷ್, ಹಿಂದಿ ಮತ್ತು ಕನಿಷ್ಠ ಇನ್ನೊಂದು ಭಾರತೀಯ ಭಾಷೆ ಇರಬೇಕು. ಆ “ಇನ್ನೊಂದು” ಕನ್ನಡವೇ ಆಗಿರಬೇಕೆಂದಿಲ್ಲ, ಆದ್ದರಿಂದ ಕೇಳಿಯೇ ತಿಳಿದುಕೊಳ್ಳಬೇಕು.

ಪರೀಕ್ಷೆ ಸುಲಭ. ನಿಮ್ಮ ಮೊಬೈಲಿನಿಂದ ಆ ಸೆಟ್ಟಿಗೆ “ಲಕ್ಷ್ಮಿ” ಎಂದು ಒಂದು ಮೆಸೇಜು ಕಳಿಸಿ. ಒತ್ತಕ್ಷರ ಕೆಳಗೆ ಕೂತು ಸರಿಯಾಗಿ ಕಂಡರೆ ಸೆಟ್ಟು ಪಾಸು. ಅಕ್ಷರ ಒಡೆದು ಪಕ್ಕ ಪಕ್ಕ ನಿಂತರೆ, ಚೌಕಗಳು ಕಂಡರೆ ಅದನ್ನು ಅಲ್ಲೇ ಬಿಡಿ. ಗೃಹಲಕ್ಷ್ಮಿ ಹಣ ಬಂತೇ ಎಂದು ತಿಂಗಳಿಗೊಮ್ಮೆ ನನ್ನಿಂದ ಮೆಸೇಜು ಓದಿಸಿಕೊಳ್ಳಲು ಬರುವ ಅಕ್ಕಂದಿರಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಮೆಸೇಜು ಇಂಗ್ಲಿಷಿನಲ್ಲಿ ಬರುವುದು ಒಂದು ತೊಂದರೆ. ಕನ್ನಡದಲ್ಲಿ ಬಂದದ್ದೂ ಸೆಟ್ಟಿನ ದೋಷದಿಂದ ಓದಲಾಗದೆ ಹೋದರೆ ಅದು ಸಹಿಸಬಾರದ ಅನ್ಯಾಯ.

ಕನ್ನಡದಲ್ಲಿ ಮೆಸೇಜು ಬರೆಯುವವರಿಗೆ ಒಂದು ಲೆಕ್ಕ: ಇಂಗ್ಲಿಷಿನ ಒಂದು ಮೆಸೇಜಿಗೆ 160 ಅಕ್ಷರ, ಕನ್ನಡದ್ದಕ್ಕೆ 70. ಮೂಲಾಕ್ಷರ, ಒತ್ತಿನ ಗುರುತು, ಗುಣಿತದ ಗುರುತು ಒಂದೊಂದೂ ಬೇರೆ ಅಕ್ಷರವೆಂದು ಎಣಿಕೆಯಾಗುವುದರಿಂದ “ಲಕ್ಷ್ಮಿ” ಎಂಬ ಒಂದೇ ಪದ ಅದರಲ್ಲಿ ಏಳನ್ನು ತಿನ್ನುತ್ತದೆ. ಉದ್ದ ಬರೆದರೆ ಎರಡು, ಮೂರು ಮೆಸೇಜಿನ ಲೆಕ್ಕಕ್ಕೆ ಹೋಗುತ್ತದೆ.

ಬ್ಯಾಟರಿ ಎಷ್ಟು ದಿನ ಬರುತ್ತದೆ?

1000 ಎಂಎಎಚ್ (ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬುದರ ಅಳತೆ) ಬ್ಯಾಟರಿಯ 2ಜಿ ಸೆಟ್ಟು ಕಡಿಮೆ ಮಾತಾಡುವವರ ಕೈಯಲ್ಲಿ ನಾಲ್ಕೈದು ದಿನ ಬರುವುದುಂಟು. 4ಜಿ ಸೆಟ್ಟು ಹೆಚ್ಚು ಕುಡಿಯುತ್ತದೆ. ಅದರಲ್ಲಿ 1400 ಎಂಎಎಚ್‌ಗಿಂತ ಕಡಿಮೆ ಇರುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಸಿಗ್ನಲ್ ಸಣ್ಣಗಿರುವ ಕಡೆ ಸೆಟ್ಟು ಟವರನ್ನು ಮುಟ್ಟಲು ಶಕ್ತಿ ಏರಿಸುತ್ತಾ, ಹುಡುಕುತ್ತಾ ಇರುತ್ತದೆ. ಒಂದೇ ಸೆಟ್ಟು ಪೇಟೆಯಲ್ಲಿ ಮೂರು ದಿನ, ತೋಟದ ಮನೆಯಲ್ಲಿ ಒಂದೂವರೆ ದಿನ ಬರುವುದು ಈ ಕಾರಣಕ್ಕೇ.

ಬ್ಯಾಟರಿ ಬಿಚ್ಚಿ ಹಾಕಲು ಬರುವ ಸೆಟ್ಟನ್ನೇ ಕೊಳ್ಳಿ. ಬಿಎಲ್-5ಸಿ ಎಂಬ ಅಳತೆಯ ಬ್ಯಾಟರಿ ನೋಕಿಯಾದಿಂದ ಹಿಡಿದು ಎಷ್ಟೋ ಕಂಪನಿಗಳ ಸೆಟ್ಟುಗಳಿಗೆ, ಸಣ್ಣ ರೇಡಿಯೋಗಳಿಗೂ ಹೊಂದುತ್ತದೆ. ಆದ್ದರಿಂದಲೇ ಅದರ ನಕಲಿಗಳೂ ಧಾರಾಳ. 2007ರಲ್ಲಿ ನೋಕಿಯಾ ಸ್ವತಃ, ಹೊರಗಿನ ಒಂದು ಕಂಪನಿ ತಯಾರಿಸಿಕೊಟ್ಟಿದ್ದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳು ಬಿಸಿಯಾಗಬಹುದೆಂದು ಎಚ್ಚರಿಸಿ ಬದಲಿಸಿಕೊಡಲು ಮುಂದಾಗಿತ್ತು. ಹೆಸರಾಂತ ಕಂಪನಿಗೇ ಹಾಗಾದರೆ ನೂರು ರೂಪಾಯಿಯ ನಕಲಿಯನ್ನು ನಂಬುವುದು ಹೇಗೆ? ಬ್ಯಾಟರಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ‘ಆರ್’ನಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ.

ಹಳೆಯ ಬ್ಯಾಟರಿ ಉಬ್ಬಿದೆಯೇ ಎಂದು ತಿಳಿಯಲು ಅದನ್ನು ಗಾಜಿನ ಮೇಲೆ ಮಲಗಿಸಿ ಬೆರಳಿನಿಂದ ತಿರುಗಿಸಿ. ಬುಗುರಿಯ ಹಾಗೆ ಗರ್ರನೆ ತಿರುಗಿದರೆ ಹೊಟ್ಟೆ ಉಬ್ಬಿದೆ ಎಂದರ್ಥ. ಅಂಥದ್ದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ, ಒಲೆಗೂ ಎಸೆಯಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವ ಅಂಗಡಿಗೆ ಕೊಡಿ.

ಕೀಪ್ಯಾಡ್ ಸೆಟ್ಟಿನಲ್ಲಿ ವಾಟ್ಸ್‌ಆ್ಯಪ್ ಬರುತ್ತದೆಯೇ?

ಬರುವುದಿಲ್ಲ ಎಂದು ತಿಳಿದೇ ಕೊಳ್ಳಿ. 2017ರ ಜಿಯೋಫೋನ್‌ನಂಥ ಕೈಓಎಸ್ ಎಂಬ ತಂತ್ರಾಂಶದ ಸೆಟ್ಟುಗಳಲ್ಲಿ ಒಂದು ಕಾಲಕ್ಕೆ ಬರುತ್ತಿತ್ತು. 2024ರಲ್ಲಿ ಹೊಸದಾಗಿ ಹಾಕಿಕೊಳ್ಳುವುದು ನಿಂತಿತು, 2025ರಲ್ಲಿ ಇದ್ದದ್ದೂ ನಿಂತಿತು. “ವಾಟ್ಸ್‌ಆ್ಯಪ್ ಇದೆ” ಎಂದು ಹೇಳಿ ಹಳೆಯ ಸ್ಟಾಕ್ ಮಾರುವವರು ಇದ್ದಾರೆ, ಎಚ್ಚರ.

ಮಗಳು ಅಮೆರಿಕದಲ್ಲಿ, ಮಗ ದುಬೈಯಲ್ಲಿ ಇರುವ ಮನೆಗಳಲ್ಲಿ ಮೊಮ್ಮಕ್ಕಳ ಮುಖ ನೋಡುವ ಆಸೆ ಸಹಜ. ಅಂಥ ಮನೆಗೆ ನನ್ನ ಸಲಹೆ: ಮನೆಯಲ್ಲೇ ಇರುವಂತೆ ಒಂದು ಟ್ಯಾಬ್ ಅಥವಾ ಸ್ಮಾರ್ಟ್‌ಫೋನ್, ಜೇಬಿಗೆ ಕೀಪ್ಯಾಡ್. ಒಂದರಿಂದಲೇ ಎರಡೂ ಕೆಲಸ ಮಾಡಿಸಲು ಹೋದರೆ, ಸಂಜೆ ವೀಡಿಯೊ ನೋಡಿ ಬ್ಯಾಟರಿ ಮುಗಿದು, ರಾತ್ರಿ ಎದೆನೋವು ಬಂದಾಗ ಕರೆ ಮಾಡಲು ಏನೂ ಉಳಿಯುವುದಿಲ್ಲ. ವಿದೇಶದಿಂದ ಹಳೆಯ ಸೆಟ್ಟು ತಂದುಕೊಡುವವರು ಮೇಲೆ ಹೇಳಿದ ಬ್ಯಾಂಡ್‌ಗಳ ವಿಷಯ ನೋಡಿಕೊಳ್ಳಲಿ.

ಹಣ ಕಳಿಸಲು ಆಗುತ್ತದೆಯೇ?

ಆಗುತ್ತದೆ. ರಿಸರ್ವ್ ಬ್ಯಾಂಕ್ 2022ರ ಮಾರ್ಚ್ 8ರಂದು ಯುಪಿಐ 123ಪೇ ಎಂಬ ವ್ಯವಸ್ಥೆಯನ್ನು ಸಾದಾ ಮೊಬೈಲ್‌ಗಳಿಗೆಂದೇ ಶುರುಮಾಡಿತು. ಇಂಟರ್ನೆಟ್ ಬೇಡ, ಕರೆ ಮಾಡಿ ಧ್ವನಿ ಹೇಳಿದಂತೆ ಅಂಕಿ ಒತ್ತಿದರೆ ಸಾಕು. ಒಂದು ಸಲಕ್ಕೆ 5,000 ಇದ್ದ ಮಿತಿಯನ್ನು 2024ರಲ್ಲಿ 10,000 ರೂಪಾಯಿಗೆ ಏರಿಸಲು ತೀರ್ಮಾನಿಸಲಾಯಿತು. *99# ಒತ್ತಿ ಹಣ ಕಳಿಸುವ ದಾರಿ ಅದಕ್ಕೂ ಮೊದಲಿನಿಂದ ಇದೆ. ಎರಡಕ್ಕೂ ಬ್ಯಾಂಕ್ ಖಾತೆಗೆ ಇದೇ ಮೊಬೈಲ್ ಸಂಖ್ಯೆ ಸೇರಿರಬೇಕು. ಮೊದಲ ಸಲ ಬ್ಯಾಂಕಿನವರ ಎದುರೇ ಕೂತು ಮಾಡಿಸಿಕೊಳ್ಳಿ. ನನ್ನನ್ನೂ ಸೇರಿಸಿ ಯಾವ ಅಂಗಡಿಯವರಿಗೂ ಪಿನ್ ಹೇಳಬೇಡಿ.

ಓಟಿಪಿ ವಿಷಯವೂ ಅಷ್ಟೇ. ಕೀಪ್ಯಾಡ್ ಸೆಟ್ಟಿನಲ್ಲಿ ಹಾನಿಕಾರಕ ಆ್ಯಪ್‌ಗಳ ಕಾಟ ಕಡಿಮೆ, ಆದರೆ ಕರೆ ಮಾಡಿ ಓಟಿಪಿ ಕೇಳುವ ವಂಚಕರಿಗೆ ಸೆಟ್ಟು ಯಾವುದಾದರೂ ಒಂದೇ. ಹಣ ಹೋಯಿತೆಂದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮಾರನೆಯ ದಿನಕ್ಕೆ ಕಾಯಬಾರದು.

ಡೇಟಾ ಬೇಡದಿದ್ದರೂ ಅದಕ್ಕೆ ದುಡ್ಡು ಕೊಡಬೇಕೇ?

ಬೇಡ. ಮಾತು ಮತ್ತು ಮೆಸೇಜಿಗಷ್ಟೇ ಪ್ಯಾಕ್ ಕೊಡಬೇಕೆಂದು ದೂರಸಂಪರ್ಕ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಅಂಥ ಪ್ಯಾಕ್‌ಗಳ ಅವಧಿ 365 ದಿನಗಳವರೆಗೆ ಇರಬಹುದು. 2025ರ ಜನವರಿಯಿಂದ ಕಂಪನಿಗಳು ಅವುಗಳನ್ನು ಕೊಡುತ್ತಿವೆ. ಕರೆನ್ಸಿ ಹಾಕಿಸುವಾಗ “ಡೇಟಾ ಇಲ್ಲದ ಪ್ಯಾಕ್ ಯಾವುದಿದೆ, ದಿನಕ್ಕೆ ಎಷ್ಟು ಬೀಳುತ್ತದೆ?” ಎಂದು ಕೇಳಿ. ಕೇಳದಿದ್ದರೆ ಹೇಳುವವರು ಕಡಿಮೆ.

ಸೆಕೆಂಡ್‌ಹ್ಯಾಂಡ್ ಕೊಳ್ಳಬಹುದೇ?

ಕೊಳ್ಳುವ ಮೊದಲು *#06# ಒತ್ತಿ. ಆ ಸೆಟ್ಟಿನದೇ ಗುರುತಾದ 15 ಅಂಕಿಗಳ ಐಎಂಇಐ ಸಂಖ್ಯೆ ಕಾಣುತ್ತದೆ. ಅದು ಪೆಟ್ಟಿಗೆಯ ಮೇಲಿನ, ಬ್ಯಾಟರಿಯಡಿಯ ಚೀಟಿಯ ಸಂಖ್ಯೆಯ ಜೊತೆ ತಾಳೆಯಾಗಬೇಕು. ಕೆವೈಎಂ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಆ ಸಂಖ್ಯೆಯನ್ನು 14422ಕ್ಕೆ ಮೆಸೇಜು ಮಾಡಿದರೆ ಸೆಟ್ಟಿನ ವಿವರ ಬರುತ್ತದೆ. ಕದ್ದ ಸೆಟ್ಟು ಎಂದು ದಾಖಲಾಗಿದ್ದರೆ ಅದರಲ್ಲೇ ತಿಳಿಯುತ್ತದೆ. ನಿಮ್ಮ ಸೆಟ್ಟೇ ಕಳೆದುಹೋದರೆ ಪೊಲೀಸ್ ದೂರು ಕೊಟ್ಟು, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಅದನ್ನು ನಿರ್ಬಂಧಿಸಬಹುದು. ಸಾವಿರದ ಸೆಟ್ಟಿಗೆ ಇಷ್ಟೆಲ್ಲ ಯಾಕೆ ಎನ್ನಬೇಡಿ. ಅದರೊಳಗಿನ ಸಿಮ್ಮಿಗೆ ನಿಮ್ಮ ಬ್ಯಾಂಕ್ ಖಾತೆ ಸೇರಿದೆ.

ಮಳೆಯಲ್ಲಿ ನೆನೆದರೆ?

ಮೊದಲು ಬ್ಯಾಟರಿ ತೆಗೆಯಿರಿ. ಆನ್ ಆಗುತ್ತದೆಯೇ ಎಂದು ಒತ್ತಿ ನೋಡಬೇಡಿ, ಚಾರ್ಜಿಗೆ ಹಾಕಲೇಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಅಕ್ಕಿಯ ಹುಡಿ ಚಾರ್ಜಿಂಗ್ ತೂತಿಗೆ ಸೇರುತ್ತದೆ. ನಮ್ಮ ಕಡೆ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಾರೆ, ಅಲ್ಲಿ ಪ್ಲಾಸ್ಟಿಕ್ ಸೊಟ್ಟಗಾಗಿ ಬರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಬಿಚ್ಚಿಟ್ಟು, ಅದೇ ದಿನ ರಿಪೇರಿಯವರ ಹತ್ತಿರ ತನ್ನಿ. ಎರಡು ದಿನ ಬಿಟ್ಟರೆ ಬೋರ್ಡಿನ ಮೇಲೆ ಹಸಿರು ಕಿಲುಬು ಏಳುತ್ತದೆ.

ರೇಡಿಯೋ ಕೇಳಬಹುದೇ?

ಎಫ್‌ಎಂ ಮಾತ್ರ. ಬೆಂಗಳೂರಿನ 101.3, ಮೈಸೂರಿನ 100.6 ಅಂಥವು. ಧಾರವಾಡ ಆಕಾಶವಾಣಿಯಂಥ ಮಧ್ಯಮ ತರಂಗದ ನಿಲಯಗಳು ಮೊಬೈಲಿನ ರೇಡಿಯೋದಲ್ಲಿ ಬರುವುದಿಲ್ಲ. ಇಯರ್‌ಫೋನ್ ಇಲ್ಲದೆ ಹಾಡುವ ಸೆಟ್ಟುಗಳಿವೆ, ಆದರೂ ಗುಡ್ಡಗಾಡಿನಲ್ಲಿ ಇಯರ್‌ಫೋನ್ ತಂತಿ ಸಿಕ್ಕಿಸಿದರೆ ಅದೇ ಆಂಟೆನಾ ಆಗಿ ಧ್ವನಿ ತಿಳಿಯಾಗುತ್ತದೆ.

ಮಗ ಪಿಯುಸಿ ಓದುತ್ತಿದ್ದಾನೆ, ಹಾಸ್ಟೆಲ್ಲಿಗೆ ಕೀಪ್ಯಾಡ್ ಕೊಡೋಣವೇ?

ಅವನನ್ನು ಕೇಳಿ ಕೊಡಿ. ತಾನಾಗಿ ಬೇಕೆಂದು ಬಂದು ಕೊಂಡ ಹುಡುಗರು ಪರೀಕ್ಷೆಯವರೆಗೆ ಇಟ್ಟುಕೊಂಡದ್ದನ್ನು ಕಂಡಿದ್ದೇನೆ. ಶಿಕ್ಷೆಯೆಂದು ಕೊಟ್ಟ ಸೆಟ್ಟುಗಳು ತಿಂಗಳೊಳಗೆ “ಕೆಟ್ಟು” ನನ್ನ ಮೇಜಿಗೆ ಬರುತ್ತವೆ.

ತುರ್ತು ಹೊತ್ತಿಗೆ ಏನಾದರೂ ಬಟನ್ ಇದೆಯೇ?

2017ರ ಜನವರಿ 1ರಿಂದ ಮಾರುವ ಕೀಪ್ಯಾಡ್ ಸೆಟ್ಟುಗಳಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುವ ವ್ಯವಸ್ಥೆ ಇರಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ತುರ್ತು ಸಂಖ್ಯೆ 112. ನಿಮ್ಮ ಸೆಟ್ಟಿನಲ್ಲಿ ಯಾವ ಅಂಕಿ ಎಂದು ಅಂಗಡಿಯಲ್ಲೇ ಕೇಳಿಕೊಳ್ಳಿ, ಕೀಪ್ಯಾಡ್ ಲಾಕ್ ಹಾಕುವುದನ್ನೂ ಕಲಿಸಿ. ಇಲ್ಲದಿದ್ದರೆ ಜೇಬಿನಲ್ಲೇ ಕರೆ ಹೋಗುತ್ತಿರುತ್ತದೆ.

ಮನೆಗೆ ತಂದ ಮೇಲೆ ಮೊದಲ ದಿನ ಏನು ಮಾಡಿಕೊಡಬೇಕು?

ಸ್ಮಾರ್ಟ್‌ಫೋನಿನಿಂದ ತೆಗೆದ ಸಣ್ಣ ಸಿಮ್ ಬಹಳಷ್ಟು ಕೀಪ್ಯಾಡ್ ಸೆಟ್ಟುಗಳ ಗೂಡಿಗೆ ಹೊಂದುವುದಿಲ್ಲ. ಪ್ಲಾಸ್ಟಿಕ್ ಚೌಕಟ್ಟು ಬೇಕು. ಚೌಕಟ್ಟಿಲ್ಲದೆ ತುರುಕಿದರೆ ಒಳಗಿನ ಪಿನ್ ಮುರಿಯುತ್ತದೆ, ಅದರ ರಿಪೇರಿಗೆ ಹೊಸ ಸೆಟ್ಟಿನ ಕಾಲುಭಾಗದ ಖರ್ಚು ಬರುತ್ತದೆ.

ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ಮನೆಯವರ ಸಂಖ್ಯೆಗಳನ್ನು ಸಿಮ್ಮಿನಲ್ಲೂ ಉಳಿಸಿ, ಸೆಟ್ಟು ಹೋದರೂ ಸಂಖ್ಯೆ ಉಳಿಯುತ್ತದೆ. ಸ್ಪೀಡ್ ಡಯಲ್‌ನಲ್ಲಿ 2ಕ್ಕೆ ಮಗಳು, 3ಕ್ಕೆ ಮಗ, 4ಕ್ಕೆ ನೆರೆಮನೆ, 6ಕ್ಕೆ ಆಟೋದವರು. ರೈತರಾದರೆ ಕಿಸಾನ್ ಕಾಲ್ ಸೆಂಟರಿನ 1800-180-1551 ಒಂದು ಇರಲಿ. ಅಲ್ಲಿ ಕನ್ನಡದಲ್ಲೇ ಕೇಳಬಹುದು, ಕರೆಗೆ ದುಡ್ಡಿಲ್ಲ. ಇಷ್ಟನ್ನೂ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಚಾರ್ಜರ್ ಇರುವ ಗೋಡೆಗೆ ಅಂಟಿಸಿ. ಆಮೇಲೆ ನೀವು ಅಂಗಳಕ್ಕೆ ಹೋಗಿ ನಿಂತು, ಅಮ್ಮ ಒಬ್ಬರೇ 2ನ್ನು ಒತ್ತಿ ಹಿಡಿದು ನಿಮಗೆ ಕರೆ ಮಾಡುವವರೆಗೆ ಕಾಯಿರಿ.